ನಮ್ಮ ಅಣೆಕಟ್ಟಿಗೆ ಕರೆಂಟ್ ಮೆಷಿನ್ ಕೂರಿಸೋ ಮಾತು ಬಂದಿದೆ, ನಾಲೆ ಕೊನೆಯವರು ಏನು ಕೇಳಬೇಕು?

ಕೊನೇ ತೂಬು (ಹಾಸನ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನಲ್ಲಿ ಒಂದು ಸಣ್ಣ ನೀರಾವರಿ ಅಣೆಕಟ್ಟಿದೆ. ಮಣ್ಣಿನ ಏರಿ, ಒಂದು ಪಕ್ಕಕ್ಕೆ ಕಲ್ಲುಗಾರೆಯ ಕೋಡಿ, ಒಂದೇ ತೂಬು, ಅಲ್ಲಿಂದ ಹೊರಟ 26 ಕಿಲೋಮೀಟರ್ ನಾಲೆ. ಏರಿ ಎತ್ತರ 18 ಮೀಟರ್ ಅಂತ ಬೋರ್ಡಿನಲ್ಲಿದೆ. ಅಣೆಕಟ್ಟಿನ ಹೆಸರು ಬರೆಯುತ್ತಿಲ್ಲ. ಕಾಗದಪತ್ರ ಏನೂ ಆಗಿಲ್ಲ, ಮಾತು ಇನ್ನೂ ಊರೊಳಗೇ ಓಡಾಡ್ತಿದೆ, ಸುಮ್ಮನೆ ಗಾಳಿಸುದ್ದಿ ಆಗೋದು ಬೇಡ.

ಹೋದ ವಾರ ಅರಳಿಕಟ್ಟೆ ಹತ್ತಿರ ಸೇರಿದ್ದಾಗ ಒಬ್ಬರು ಹೇಳಿದರು: ತೂಬಿನ ಬಾಯಿಗೆ ಟರ್ಬೈನ್ ಕೂರಿಸಿದರೆ ಒಂದು ಮೆಗಾವ್ಯಾಟ್ ಕರೆಂಟು ಬರುತ್ತೆ, ನೀರು ಒಂದು ತೊಟ್ಟೂ ಖರ್ಚಾಗಲ್ಲ, ಹೆಂಗೂ ನಾಲೆಗೆ ಹೋಗೋ ನೀರು ತಾನೆ, ಪಂಚಾಯ್ತಿಗೂ ದುಡ್ಡು. ಕೇಳಿದವರೆಲ್ಲ ತಲೆ ಆಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ.

ನನ್ನ ಗದ್ದೆ ನಾಲೆಯ ಕೊನೇ ತೂಬಿನ ಕೆಳಗಿದೆ. ಮೇಲೆ ಯಾರು ಏನು ಮಾಡಿದರೂ ಅದರ ಲೆಕ್ಕ ನನ್ನ ಗದ್ದೆಯಲ್ಲಿ ಸಿಗುತ್ತೆ. ಯೋಜನೆಗೆ ಅಡ್ಡಗಾಲು ಹಾಕೋ ಉದ್ದೇಶ ಇಲ್ಲ. ಗೊತ್ತಿಲ್ಲದೆ ಹೂಂ ಅನ್ನೋಕೂ ಮನಸ್ಸಿಲ್ಲ. ತಿಳಿದವರು ಹೇಳಿ, ಏನು ಕೇಳಬೇಕು?

ಅಳತೆಗೋಲು (ನಿವೃತ್ತ ಇಂಜಿನಿಯರ್)

ಕೇಳಿದ್ದು ಒಳ್ಳೆಯದಾಯಿತು. ಮೊದಲು ಆ ಒಂದು ಮೆಗಾವ್ಯಾಟನ್ನು ತೂಗಿ ನೋಡೋಣ.

ಏರಿ ಎತ್ತರ 18 ಮೀಟರ್ ಇದ್ದ ಮಾತ್ರಕ್ಕೆ ಹೆಡ್ 18 ಮೀಟರ್ ಆಗಲ್ಲ. ಜಲಾಶಯದ ನೀರಿನ ಮಟ್ಟಕ್ಕೂ ನಾಲೆಯ ನೀರಿನ ಮಟ್ಟಕ್ಕೂ ನಡುವಿನ ಅಂತರವೇ ಹೆಡ್. ಅಣೆಕಟ್ಟು ತುಂಬಿದ್ದಾಗ ಅದು 14 ಮೀಟರ್ ಇರಬಹುದು, ನಾಲೆ ನಿಲ್ಲಿಸೋ ಹೊತ್ತಿಗೆ 6ಕ್ಕೆ ಇಳಿದಿರಬಹುದು. ಉದಾರವಾಗಿ ಸರಾಸರಿ 12 ಅಂತ ಹಿಡಿಯಿರಿ. ನಾಲೆಯಲ್ಲಿ ಎಷ್ಟು ನೀರು ಹರಿಯುತ್ತೆ, ಎಷ್ಟು ದಿನ?

ಕೊನೇ ತೂಬು

ಸರ್, ನಮ್ಮ ನಾಲೆಯ ನೀರುಗಂಟಿ ಹೇಳೋ ಪ್ರಕಾರ 100 ಕ್ಯೂಸೆಕ್. ಒಳ್ಳೇ ಮಳೆ ಆದ ವರ್ಷ ನಾಲ್ಕು ತಿಂಗಳು. 2023ರ ಬರಗಾಲದಲ್ಲಿ ನಾಲೆ ಬಾಗಿಲೇ ತೆಗೆಯಲಿಲ್ಲ, ಇದ್ದ ನೀರನ್ನು ಕುಡಿಯೋದಕ್ಕೆ ಅಂತ ಇಟ್ಟುಕೊಂಡರು.

ಅಳತೆಗೋಲು

ಹಾಗಾದರೆ ಲೆಕ್ಕ ಸುಲಭ. 100 ಕ್ಯೂಸೆಕ್ ಅಂದರೆ ಸೆಕೆಂಡಿಗೆ 2.83 ಘನ ಮೀಟರ್. ಅದನ್ನು 12 ಮೀಟರ್ ಹೆಡ್‌ನಿಂದ ಗುಣಿಸಿ, ಮತ್ತೆ 9.81ರಿಂದ ಗುಣಿಸಿ, ಟರ್ಬೈನ್ ಮತ್ತು ಜನರೇಟರ್ ಎರಡರ ನಷ್ಟ ಕಳೆದು ನೂರಕ್ಕೆ 80 ಉಳಿಯಿತು ಅನ್ನಿ. ಬರೋದು ಸುಮಾರು 265 ಕಿಲೋವ್ಯಾಟ್. ಒಂದು ಮೆಗಾವ್ಯಾಟಿನ ಕಾಲುಭಾಗ.

120 ದಿನ ಹಗಲು ರಾತ್ರಿ ನಿಲ್ಲದೆ ಓಡಿದರೆ ಏಳೂವರೆ ಲಕ್ಷ ಯೂನಿಟ್ಟಿನ ಆಸುಪಾಸು. ಯೂನಿಟ್ಟಿಗೆ 4 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಂಡರೆ ವರ್ಷಕ್ಕೆ 30 ಲಕ್ಷ. ಅದರಲ್ಲೇ ಸಾಲದ ಕಂತು, ಆಪರೇಟರ್ ಸಂಬಳ, ರಿಪೇರಿ ಎಲ್ಲ ನಡೀಬೇಕು. ಬರ ಬಂದ ವರ್ಷ ಸೊನ್ನೆ.

ಏಳೂವರೆ ಲಕ್ಷ ಯೂನಿಟ್ ಕಮ್ಮಿ ಅಂತ ನಾನು ಹೇಳ್ತಿಲ್ಲ. ಗಂಟೆಗೆ 4 ಯೂನಿಟ್ ತಿನ್ನೋ 5 ಎಚ್‌ಪಿ ಪಂಪನ್ನು ದಿನಕ್ಕೆ 6 ಗಂಟೆಯಂತೆ ವರ್ಷದಲ್ಲಿ 150 ದಿನ ಓಡಿಸಿದರೆ 3,600 ಯೂನಿಟ್. ಅಂಥ ಇನ್ನೂರು ಪಂಪ್‌ಸೆಟ್‌ಗಳ ಹೊಟ್ಟೆ ತುಂಬೋ ಕರೆಂಟು ಇದು. ಆದರೆ ಒಂದು ಮೆಗಾವ್ಯಾಟಿನ ಆಸೆ ಇಟ್ಟುಕೊಂಡು ಸಾಲ ಮಾಡಿದವನು, ಕಾಲುಭಾಗ ಕೈಗೆ ಬಂದಾಗ ಉಳಿದದ್ದನ್ನು ಎಲ್ಲಿಂದಲೋ ಹಿಂಡೋದಕ್ಕೆ ನೋಡ್ತಾನೆ. ಹಿಂಡೋದು ನೀರಿನ ವೇಳೆಯಿಂದಲೇ. ನಿಮ್ಮ ನಿದ್ದೆ ಕೆಟ್ಟದ್ದು ಸರಿಯಾದ ಜಾಗಕ್ಕೇ.

ಲಕ್ಕವಳ್ಳಿ ಹುಡುಗ

ಸ್ವಲ್ಪ ಧೈರ್ಯದ ಮಾತೂ ಇರಲಿ ಸರ್. ನಾನು ತರೀಕೆರೆ ತಾಲ್ಲೂಕಿನವನು, ಭದ್ರಾ ಅಣೆಕಟ್ಟು ನೋಡುತ್ತಾ ಬೆಳೆದವನು. ಅದು ಮುಖ್ಯವಾಗಿ ನೀರಾವರಿ ಅಣೆಕಟ್ಟೇ. ನದಿ ಪಾತ್ರಕ್ಕೆ 12 ಮೆಗಾವ್ಯಾಟಿನ ಎರಡು ಯಂತ್ರ, ಎಡದಂಡೆಯಲ್ಲಿ 2 ಮೆಗಾವ್ಯಾಟಿನ ಒಂದು, ಬಲದಂಡೆಯಲ್ಲಿ 7.2 ಮತ್ತು 6 ಮೆಗಾವ್ಯಾಟಿನವು. ಎಲ್ಲ ಸೇರಿ 39.2 ಮೆಗಾವ್ಯಾಟ್, ಕೆಪಿಸಿ ಅಂದರೆ ಕರ್ನಾಟಕ ವಿದ್ಯುತ್ ನಿಗಮದವರದು. ನಾಲೆಗೆ ನೀರು ಬಿಟ್ಟಾಗ ದಂಡೆಯ ಯಂತ್ರ ತಿರುಗುತ್ತೆ, ನಾಲೆ ನಿಂತರೆ ಅದೂ ನಿಲ್ಲುತ್ತೆ. ನೀರು ಯಾವಾಗ ಬಿಡಬೇಕು ಅನ್ನೋದು ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆಯಲ್ಲಿ ತೀರ್ಮಾನ ಆಗುತ್ತೆ.

ಹೊಸದಾಗಿ ಒಂದೆಕರೆ ಮುಳುಗಿಸದೆ ಕರೆಂಟು ತೆಗೆಯೋ ದಾರಿ ಇದು. ಪಶ್ಚಿಮ ಘಟ್ಟದ ಗುಂಡ್ಯದಲ್ಲಿ 200 ಮೆಗಾವ್ಯಾಟ್ ಯೋಜನೆಗೆ ಕಾಡು ಕೊಡಬೇಕೇ ಬೇಡವೇ ಅಂತ ಎಷ್ಟು ವರ್ಷ ಜಗಳ ಆಯಿತು, ನಿಮ್ಮ ಜಿಲ್ಲೆಯವರಿಗೇ ಗೊತ್ತು. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಅದು ಬೇಡ ಅಂತಲೇ ಬರೆಯಿತು. ಕಟ್ಟಿ ಆಗಿರೋ ಅಣೆಕಟ್ಟಿನಲ್ಲಿ ಸುಮ್ಮನೆ ನೊರೆ ಎಬ್ಬಿಸಿಕೊಂಡು ಹೋಗೋ ನೀರನ್ನು ಉಪಯೋಗಿಸೋದಕ್ಕೂ ಕಾಡು ಕಡಿಯೋದಕ್ಕೂ ಅಜಗಜಾಂತರ.

ಅಳತೆಗೋಲು

ಒಪ್ಪಿದೆ ತಮ್ಮಾ. ಆದರೆ ಭದ್ರಾಕ್ಕೆ 71.5 ಟಿಎಂಸಿ ನೀರಿದೆ, 186 ಅಡಿ ಮಟ್ಟ ಇದೆ. 40 ಮೀಟರ್ ಹೆಡ್‌ನಲ್ಲಿ ಒಂದು ಟಿಎಂಸಿ ನೀರು ಸುಮಾರು 25 ಲಕ್ಷ ಯೂನಿಟ್ ಕೊಡುತ್ತೆ. ಇವರ ಅಣೆಕಟ್ಟಿನಲ್ಲಿ ಅದೇ ಒಂದು ಟಿಎಂಸಿ ಕೊಡೋದು ಏಳೂವರೆ ಲಕ್ಷ. ಇನ್ನೊಂದು ವಿಷಯ, ಭದ್ರಾದಲ್ಲಿ ಪವರ್‌ಹೌಸಿಗೆ ಹೋಗೋ ಪೆನ್‌ಸ್ಟಾಕ್‌ಗಳನ್ನು, ಅಂದರೆ ಒತ್ತಡ ತಡೆಯೋ ದಪ್ಪ ಪೈಪುಗಳನ್ನು, ಅದಕ್ಕೆ ಅಂತಲೇ ವಿನ್ಯಾಸ ಮಾಡಿ ಇಟ್ಟಿದ್ದಾರೆ. ಹಳೇ ಮಣ್ಣೇರಿಯ ತೂಬಿಗೆ ಆಮೇಲೆ ಟರ್ಬೈನ್ ತಗುಲಿಸೋದು ಬೇರೆಯೇ ಕತೆ. ಅದನ್ನು ರಾತ್ರಿ ಕೂತು ಬರೆಯುತ್ತೇನೆ, ಅವಸರದಲ್ಲಿ ಹೇಳೋದಲ್ಲ.

ಸೀಳುನಾಲೆ

ನಮ್ಮ ಅನುಭವ ಹೇಳಲೇಬೇಕು. ನಮ್ಮ ನಾಲೆಯ ಮೇಲೊಂದು ಮಿನಿ ಹೈಡಲ್, ಅಂದರೆ ನೀರಿನಿಂದ ಕರೆಂಟು ಮಾಡೋ ಸಣ್ಣ ಘಟಕ ಇದೆ. ಯಾರದು, ಎಲ್ಲಿಯದು ಅನ್ನೋದು ಇಲ್ಲಿ ಬೇಡ. ಮಾಡೋವಾಗ ನಮಗೂ ಇದೇ ಮಾತು, ಒಂದು ತೊಟ್ಟೂ ಖರ್ಚಾಗಲ್ಲ ಅಂತ. ನಿಜ, ಖರ್ಚಾಗಲಿಲ್ಲ. ದಿನದ ಲೆಕ್ಕದಲ್ಲಿ ಬರಬೇಕಾದಷ್ಟೇ ನೀರು ಬಂತು. ಹಗಲು ಹಿಡಿದಿಟ್ಟು ಸಂಜೆ ಆರರ ಮೇಲೆ ಒಂದೇ ಸಲ ಬಿಡ್ತಿದ್ದರು, ಆಗ ಕರೆಂಟಿಗೆ ಬೇಡಿಕೆ ಜಾಸ್ತಿ.

ನಾಲೆಯ ನೀರು ಟ್ಯಾಂಕಿನ ನೀರಿನ ಹಾಗಲ್ಲ. ಮಟ್ಟ ಒಂದೇ ಸಮ ನಿಂತರೆ ಮಾತ್ರ ಎಲ್ಲ ತೂಬಿಗೂ ಪಾಲು ಹೋಗೋದು. ನೀರು ಏರಿದಾಗ ಮೇಲಿನವರ ತೂಬು ಬೇಕಾದ್ದಕ್ಕಿಂತ ಜಾಸ್ತಿ ಕುಡಿಯುತ್ತೆ. ಇಳಿದಾಗ ಕೆಳಗಿನವರ ತೂಬಿನ ಬಾಯಿ ಒಣಗಿರುತ್ತೆ. ಮೇಲಿಂದ ಹೊರಟ ಹೊಸ ನೀರು ನಮ್ಮ ಹತ್ತಿರ ಬರೋ ಹೊತ್ತಿಗೆ ಮಧ್ಯರಾತ್ರಿ. ನಾಟಿ ಮಾಡಿ ಹತ್ತು ದಿನ ಆಗಿತ್ತು. ನಾನೂ ನಮ್ಮ ಚಿಕ್ಕಪ್ಪನೂ ಟಾರ್ಚ್ ಹಿಡಕೊಂಡು ಪಾಳಿ ಕಾಯ್ತಾ ಬದುವಿನ ಮೇಲೆ ಕೂತಿದ್ದೆವು. ಎರಡು ಗಂಟೆಗೆ ನೀರು ಬಂತು, ಕಸಕಡ್ಡಿ ನೂಕಿಕೊಂಡು ನೊರೆ ನೊರೆಯಾಗಿ. ಮೂರೂವರೆಗೆ ಇಳೀತು. ಗದ್ದೆಯ ಮೇಲಿನ ಮಡಿ ನೆನೆಯಿತು, ಕೆಳಗಿನ ಮಡಿಗೆ ತಲುಪಲಿಲ್ಲ. ಚಿಕ್ಕಪ್ಪ ಏನೂ ಮಾತಾಡದೆ ಗುದ್ದಲಿ ಹೆಗಲಿಗೆ ಹಾಕ್ಕೊಂಡು ಹೊರಟುಬಿಟ್ಟರು. ಆ ಮೌನ ಇವತ್ತಿಗೂ ನನ್ನ ಎದೆಯಲ್ಲಿದೆ.

ದಿನಾ ಏರಿ ಇಳಿದೂ ಇಳಿದೂ ನಾಲೆ ದಂಡೆ ಅಲ್ಲಲ್ಲಿ ಜರಿಯಿತು. ನೆಂದ ಮಣ್ಣಿನ ಮುಂದೆ ನೀರಿನ ಒತ್ತು ತಟ್ಟನೆ ಹೋದರೆ ದಂಡೆ ಕುಸಿಯದೆ ಇನ್ನೇನಾಗುತ್ತೆ?

ಕೊನೇ ತೂಬು ಅಣ್ಣ, ನೀವು ಕೇಳಬೇಕಾದ್ದು ಎಷ್ಟು ನೀರು ಅಂತ ಅಲ್ಲ. ಯಾವ ಗಂಟೆಯಲ್ಲಿ ಎಷ್ಟು ನೀರು ಅಂತ ಕೇಳಿ.

ಕೊನೇ ತೂಬು

ಇದನ್ನ ಓದಿ ಮೈ ಜುಂ ಅಂದಿತು ಕಣಪ್ಪ. ನಮ್ಮಲ್ಲಿ ಈಗಲೇ ಮೇಲಿನವರಿಗೂ ನಮಗೂ ಪಾಳಿಯ ತಕರಾರು ಇದ್ದೇ ಇದೆ. ಅದರ ಮೇಲೆ ಇದೂ ಸೇರಿದರೆ ಅಣ್ಣತಮ್ಮಂದಿರೇ ಹೊಡೆದಾಡಿಕೊಳ್ಳಬೇಕಾಗುತ್ತೆ.

ಅಳತೆಗೋಲು

ತೂಬಿನ ವಿಷಯ. ಇದನ್ನು ದಯವಿಟ್ಟು ಎಲ್ಲರೂ ನಿಧಾನವಾಗಿ ಓದಿ.

ಮಣ್ಣೇರಿಯ ತೂಬಿನಲ್ಲಿ ಬಾಗಿಲು ಇರೋದು ಜಲಾಶಯದ ಕಡೆಗೆ. ಬಾಗಿಲು ದಾಟಿದ ನೀರು ಏರಿಯ ಅಡಿಯ ಮೋರಿಯಲ್ಲಿ ಅರ್ಧ ತುಂಬಿಕೊಂಡು, ಮೇಲೆ ಗಾಳಿ ಆಡುತ್ತಾ, ಆರಾಮವಾಗಿ ಹರಿದು ನಾಲೆಗೆ ಬೀಳುತ್ತೆ. ಮೋರಿಯ ಗೋಡೆಗೆ ಒಳಗಿನಿಂದ ಒತ್ತಡವೇ ಇಲ್ಲ. ಅದನ್ನು ಕಟ್ಟಿರೋದೂ ಆ ಲೆಕ್ಕದಲ್ಲೇ.

ಈಗ ಅದರ ಹೊರಬಾಯಿಗೆ ಟರ್ಬೈನ್ ಕೂರಿಸಿದಿರಿ ಅನ್ನಿ. ನೀರು ರಭಸದಿಂದ ಟರ್ಬೈನಿಗೆ ನುಗ್ಗಬೇಕಾದರೆ ಮೋರಿ ಪೂರ್ತಿ ತುಂಬಿರಬೇಕು, ಜಲಾಶಯದ ಅಷ್ಟೂ ಒತ್ತಡ ಅದರ ಗೋಡೆಯ ಮೇಲೆ ಬೀಳಬೇಕು. ಹಳೇ ಗಾರೆಯ ಒಂದು ಸಂದು ಬಾಯಿಬಿಟ್ಟರೆ ಸಾಕು, ನೀರು ಏರಿಯ ಮಣ್ಣಿಗೆ ಇಳಿಯುತ್ತೆ. ಇಳಿದ ನೀರು ಮಣ್ಣಿನ ಕಣ ಎತ್ತಿಕೊಂಡು ಹೊರಗೆ ದಾರಿ ಹುಡುಕುತ್ತೆ. ಹೊರಗಿನಿಂದ ನೋಡಿದರೆ ಏರಿ ಬುಡದಲ್ಲಿ ಒಂದಿಷ್ಟು ಜಿನುಗು ಅಷ್ಟೇ. ಒಳಗೆ ಹುತ್ತದ ಹಾಗೆ ಬಿಲ ಬೆಳೆಯುತ್ತಾ ಇರುತ್ತೆ. ಜಿನುಗು ತಿಳಿಯಾಗಿದ್ದರೆ ಒಂದು ಸಮಾಧಾನ. ಕೆಂಪಗೆ, ಕದಡಿಕೊಂಡು ಬಂತೋ, ಮಣ್ಣೇರಿಗೆ ಅದಕ್ಕಿಂತ ದೊಡ್ಡ ಅಪಾಯದ ಗುರುತು ಇನ್ನೊಂದಿಲ್ಲ.

ಅದಕ್ಕೆ ಪರಿಹಾರ ಇಲ್ಲವೇ ಅಂದರೆ ಇದೆ. ಮೋರಿಯೊಳಗೆ ಉಕ್ಕಿನ ಪೈಪು ತೂರಿಸಿ, ಪೈಪಿಗೂ ಮೋರಿಗೂ ನಡುವಿನ ಸಂದನ್ನು ಸಿಮೆಂಟ್ ಗ್ರೌಟಿನಿಂದ ತುಂಬಿಸಬಹುದು. ಒತ್ತಡವನ್ನು ಉಕ್ಕು ಹೊರುತ್ತೆ. ಆದರೆ ಪೈಪು ಒಳಗೆ ಹೋದಷ್ಟೂ ಮೋರಿ ಕಿರಿದಾಗುತ್ತೆ, ತುರ್ತಿನಲ್ಲಿ ಮೊದಲಿನಷ್ಟು ನೀರು ಬಿಡಲಾಗದು. ಯಾವುದು ಹೆಚ್ಚು ಅಂತ ಅಲ್ಲಿನ ನಕ್ಷೆ ನೋಡಿಯೇ ಹೇಳಬೇಕು.

ನನ್ನನ್ನು ಕೇಳಿದರೆ ಏರಿಯ ತಂಟೆಗೆ ಹೋಗೋದೇ ಬೇಡ. 26 ಕಿಲೋಮೀಟರ್ ನಾಲೆಯಲ್ಲಿ ಎಲ್ಲಾದರೂ ನೀರು ಮೆಟ್ಟಿಲಿನಂತೆ ಕೆಳಕ್ಕೆ ಧುಮುಕೋ ಡ್ರಾಪ್ ಇದೆಯೇ ನೋಡಿ. 4 ಮೀಟರ್ ಬೀಳೋ ಜಾಗ ಇದ್ದರೆ ಅಷ್ಟೇ ನೀರಿನಲ್ಲಿ ಸುಮಾರು 88 ಕಿಲೋವ್ಯಾಟ್ ಸಿಗುತ್ತೆ. ಕರೆಂಟು ಕಮ್ಮಿ, ನಿಜ. ಆದರೆ ಕೆಟ್ಟರೆ ಕೆಡೋದು ಯಂತ್ರ, ಏರಿ ಅಲ್ಲ.

ಕಾನೂನೂ ಹೇಳಿಬಿಡುತ್ತೇನೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಎಲ್ಲ ಅಣೆಕಟ್ಟಿಗೂ ಅನ್ವಯ. ನಿಮ್ಮದು 18. ಯಾರೋ ಕಂಟ್ರಾಕ್ಟರು ಬಂದು ತೂಬು ಬಿಚ್ಚಿ ಪೈಪು ಹಾಕೋ ಹಾಗಿಲ್ಲ.

ಹಿನ್ನೀರು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ರೈತರ ನೀರು ಕಣ್ಣೆದುರೇ ಹೊಳೆ ಪಾಲಾಯಿತು. ಇರೋ ಗೇಟಿಗೆ ಬಣ್ಣ, ಗ್ರೀಸು ಸರಿಯಾಗಿ ಕಾಣಲಿ ಮೊದಲು, ಹೊಸ ಯಂತ್ರದ ಮಾತು ಆಮೇಲೆ ಅಂತ ನನ್ನ ಮನಸ್ಸು ಹೇಳುತ್ತೆ.

ನಮ್ಮ ತಾತನ ಊರು ಗೊರೂರಿನ ಹಿನ್ನೀರಿನಲ್ಲಿದೆ. ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳು ನೀರಿನಿಂದ ಎದ್ದು ನಿಂತಿದ್ದನ್ನು ನೋಡೋಕೆ ಬೆಂಗಳೂರಿಂದ ಕಾರು ಮಾಡಿಕೊಂಡು ಬರ್ತಾರೆ. ನಮ್ಮ ಮನೆ ನೋಡೋಕೆ ನಾವು ಮಾತ್ರ ಹೋಗೋದು. ಬೇಸಗೆಯಲ್ಲಿ ನೀರು ತೀರಾ ಇಳಿದ ವರ್ಷ ಅಜ್ಜಿಯ ಒರಳುಕಲ್ಲು ಕಾಣುತ್ತೆ, ಗುಳಿ ತುಂಬಾ ಕೆಸರು. ಅಪ್ಪ ಪ್ರತಿ ಸಲ ಆ ಕೆಸರನ್ನು ಕೈಯಿಂದ ತೆಗೆದು ಬರ್ತಾರೆ. ಮತ್ತೆ ಮುಳುಗುತ್ತೆ ಅಂತ ಅವರಿಗೂ ಗೊತ್ತು.

ಅದಕ್ಕೇ ಲಕ್ಕವಳ್ಳಿ ಹುಡುಗನ ಮಾತಿಗೆ ನನ್ನ ಅಡ್ಡಿ ಇಲ್ಲ. ಮುಳುಗಿದ್ದು ಮುಳುಗಿತು, ಆ ನೀರಿನಿಂದ ಇನ್ನೊಂದು ಉಪಕಾರ ಆಗೋದಾದರೆ ಆಗಲಿ. ಆದರೆ ಬಂದ ದುಡ್ಡಿನಲ್ಲಿ ಒಂದು ಪಾಲು ಅಣೆಕಟ್ಟಿಗಾಗಿ ಜಮೀನು ಬಿಟ್ಟವರ ಊರಿಗೆ ಹೋಗಲಿ.

ಕಳಸದ ಅಕ್ಕ

ನಮ್ಮ ಮನೆಯಲ್ಲಿ ಹಳ್ಳದ ನೀರಿನಿಂದ ಕರೆಂಟು ಮಾಡಿಕೊಂಡು ಹದಿಮೂರು ವರ್ಷ ಆಯಿತು. ಗುಡ್ಡದ ಮೇಲಿಂದ ಪೈಪು, ಕೆಳಗೆ ಅಂಗೈಯಗಲದ ಬಟ್ಟಲುಗಳ ಚಕ್ರ, 40 ಮೀಟರ್ ಇಳಿಜಾರು, ಸೆಕೆಂಡಿಗೆ 5 ಲೀಟರ್ ನೀರು. ಒಂದು ಕಿಲೋವ್ಯಾಟ್ ಬರುತ್ತೆ. ದೀಪ, ಟಿವಿ, ಮಿಕ್ಸಿಗೆ ಸಾಕು.

ದೊಡ್ಡ ಯಂತ್ರದ ವಿಚಾರ ನನಗೆ ತಿಳಿಯದು. ಆದರೆ ಎಲೆಯ ವಿಚಾರ ತಿಳಿಯುತ್ತೆ. ಆಷಾಢದ ಮಳೆಯಲ್ಲಿ ಪೈಪಿನ ಬಾಯಿಯ ಜಾಲರಿಗೆ ಎಲೆ ಕವಿದುಕೊಂಡು ದೀಪ ಮೊದಲು ಹಳದಿಯಾಗುತ್ತೆ, ಆಮೇಲೆ ಕೆಂಪಗಾಗುತ್ತೆ. ಕೆಂಪಗಾದ ಕೂಡಲೇ ಕಂಬಳಿಕೊಪ್ಪೆ ಹಾಕ್ಕೊಂಡು ಗುಡ್ಡ ಹತ್ತಬೇಕು. ಒಂದು ಬೊಗಸೆ ಎಲೆ ತೆಗೆದರೆ ಕೆಳಗೆ ಮನೆ ಬೆಳಗುತ್ತೆ, ಮೇಲಿಂದಲೇ ಕಾಣುತ್ತೆ. ನಿಮ್ಮ ಯಂತ್ರದ ಜಾಲರಿಗೂ ಮರದ ಕೊಂಬೆ, ಅಂತರಗಂಗೆ, ಪ್ಲಾಸ್ಟಿಕ್ ಎಲ್ಲ ಬರುತ್ತೆ. ರಾತ್ರಿ ಎರಡು ಗಂಟೆಗೆ ಅದನ್ನು ತೆಗೆಯೋರು ಯಾರು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಸಂಬಳದ ಜನ ಇಲ್ಲದಿದ್ದರೆ ನಾಲೆಗೇ ನೀರು ಕಮ್ಮಿಯಾಗುತ್ತೆ.

ಲೈನ್ ಕೆಲಸ

ನಾನು ಲೈನ್‌ಮನ್. ಯಾರೂ ಹೇಳದ ಒಂದು ಮಾತು ಹೇಳ್ತೀನಿ. ಈ ಕರೆಂಟು ಹೋಗೋದು ನಮ್ಮ 11 ಕೆವಿ ಲೈನಿಗೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಲೈನಿನ ಗತಿ ಗೊತ್ತಲ್ಲ. ಸಿಲ್ವರ್ ಓಕ್ ಕೊಂಬೆ ಒಂದು ಬಿದ್ದರೆ ಫೀಡರ್ ಟ್ರಿಪ್. ಲೈನ್ ಹೋದ ಕೂಡಲೇ ಜನರೇಟರಿಗೆ ಭಾರ ಇಲ್ಲದಂತಾಗಿ ಟರ್ಬೈನ್ ಹುಚ್ಚು ಓಟ ಓಡುತ್ತೆ, ಅದನ್ನು ತಡೆಯೋಕೆ ನೀರಿನ ವಾಲ್ವ್ ತಾನಾಗೇ ಮುಚ್ಚಿಕೊಳ್ಳುತ್ತೆ. ಮುಚ್ಚಿದರೆ ನಾಲೆಗೆ ನೀರೇ ಇಲ್ಲ! ನೀರು ಬರೋದು ಅದೇ ದಾರಿಯಲ್ಲಿ ತಾನೆ?

ನಿಮ್ಮ ಗದ್ದೆಗೂ ಎಲ್ಲೋ ಕಾಫಿ ತೋಟದಲ್ಲಿ ಬಿದ್ದ ಕೊಂಬೆಗೂ ಗಂಟು ಬಿದ್ದಹಾಗೆ. ಪಕ್ಕದಲ್ಲಿ ಟರ್ಬೈನ್ ಬಿಟ್ಟು ನೇರ ನಾಲೆಗೆ ಹೋಗೋ ಬೈಪಾಸ್ ಪೈಪು ಇರಲೇಬೇಕು, ಅದರ ವಾಲ್ವ್ ತಾನಾಗೇ ತೆರೀಬೇಕು.

ಅಳತೆಗೋಲು

ಲಕ್ಷ ರೂಪಾಯಿಯ ಮಾತು. ಖರ್ಚು ಉಳಿಸಬೇಕು ಅಂದಾಗ ಮೊದಲು ಕೈಬಿಡೋದೂ ಆ ಬೈಪಾಸನ್ನೇ. ಇನ್ನೊಂದು ಸೇರಿಸಿ: ವಾಲ್ವ್ ಪಟ್ಟನೆ ಮುಚ್ಚಬಾರದು. ಓಡೋ ನೀರನ್ನು ಪೈಪಿನೊಳಗೆ ತಟ್ಟನೆ ತಡೆದರೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಒತ್ತಡ ಏರುತ್ತೆ. ಮುಚ್ಚೋದು ನಿಧಾನ, ಬೈಪಾಸ್ ತೆರೆಯೋದು ಅದಕ್ಕೆ ಸರಿಜೋಡಿ. ನಾಲೆಯಲ್ಲಿ ಮಟ್ಟ ಅಲುಗಬಾರದು.

ಬಿಸಿಲು ಬೆಳೆ

ಇಷ್ಟೆಲ್ಲ ರಗಳೆ ಯಾಕೆ? 265 ಕಿಲೋವ್ಯಾಟ್ ತಾನೆ, ಗೋಮಾಳದಲ್ಲಿ ಸೋಲಾರ್ ಹಾಕಿ.

ಲಕ್ಕವಳ್ಳಿ ಹುಡುಗ

ಗೋಮಾಳ ಕೊಟ್ಟರೆ ದನ ಎಲ್ಲಿ ಮೇಯಬೇಕು ಅಣ್ಣ? ಅದೂ ಅಲ್ಲದೆ ಆಷಾಢ ಶ್ರಾವಣದಲ್ಲಿ ನಮ್ಮ ಕಡೆ ವಾರಗಟ್ಟಲೆ ಸೂರ್ಯನ ಮುಖ ಕಾಣಲ್ಲ. ನಾಲೆ ಓಡೋದು ಅದೇ ತಿಂಗಳು. ಒಂದು ಇಲ್ಲದಾಗ ಇನ್ನೊಂದು ಇರುತ್ತೆ, ಎರಡೂ ಇರಲಿ.

ಬಿಸಿಲು ಬೆಳೆ

ಅದು ಸರಿ. ಗೋಮಾಳದ ಮಾತು ವಾಪಸ್ ತಗೊಂಡೆ. ಶಾಲೆ, ಡೇರಿ ಚಾವಣಿ ಮೇಲೆ ಹಾಕಬಹುದು ಅನ್ನೋದು ಮಾತ್ರ ಉಳಿಸಿಕೊಳ್ತೀನಿ.

ಹೊಳೆಸಾಲು

ನಾವು ಹೊಳೆ ದಡದವರು. ಹೆಂಗಸರು ಬಟ್ಟೆ ಒಗೆಯೋದು, ಮಕ್ಕಳು ಈಜೋದು, ಎಮ್ಮೆ ಮೈ ತೊಳೆಯೋದು ಎಲ್ಲ ಅಣೆಕಟ್ಟಿನ ಕೆಳಗೇ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ಹೊಳೆಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಹಠಾತ್ತಾಗಿ ನೀರು ಬಿಟ್ಟು ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ನಿಮ್ಮ ಯೋಜನೆಯಲ್ಲಿ ನೀರು ನಾಲೆಗೆ ಮಾತ್ರ ಹೋಗುತ್ತೋ, ಹೊಳೆಗೂ ಬಿಡ್ತಾರೋ? ಹೊಳೆಗೆ ಬಿಡೋದಾದರೆ ಸೈರನ್ ಬೇಕು. ಕರೆಂಟಿಲ್ಲದಾಗಲೂ ಕೂಗೋ ಸೈರನ್.

ಕೊನೇ ತೂಬು

ಎಲ್ಲರಿಗೂ ಕೈ ಮುಗಿದೆ. ನಿನ್ನೆ ನಾನೂ ನಮ್ಮ ನೀರುಗಂಟಿಯೂ ನಾಲೆ ಮೇಲೆ ಬೈಕಿನಲ್ಲಿ ಹೋಗಿ ನೋಡಿಕೊಂಡು ಬಂದೆವು. ಹನ್ನೊಂದನೇ ಕಿಲೋಮೀಟರಿನಲ್ಲಿ ಒಂದು ಡ್ರಾಪ್ ಇದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೀನಿ, ಅದರಲ್ಲಿ ಕರೆಂಟಿದೆ ಅಂತ ಹೊಳೆದೇ ಇರಲಿಲ್ಲ. ಟೇಪು ಇಳಿಬಿಟ್ಟು ಅಳೆದೆವು, ಮೂರು ಮೀಟರ್ ಎಪ್ಪತ್ತು. ಏರಿ ಬುಡವನ್ನೂ ನೋಡಿದೆ ಸರ್. ತೂಬಿನ ಎಡಗಡೆ ಜಿನುಗಿದೆ. ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದೆ, ತಿಳಿಯಾಗಿತ್ತು.

ಸಭೆಗೆ ಬರೆದಿಟ್ಟುಕೊಂಡದ್ದು ಹೀಗಿದೆ: ನೀರು ಬಿಡೋ ತೀರ್ಮಾನ ನೀರಾವರಿ ಸಲಹಾ ಸಮಿತಿಯದೇ ಇರಬೇಕು, ಯಂತ್ರದವರು ವೇಳೆ ಬದಲಾಯಿಸೋ ಹಾಗಿಲ್ಲ. ಹಗಲು ರಾತ್ರಿ ನಾಲೆ ಮಟ್ಟ ಒಂದೇ ಸಮ ಇರಬೇಕು. ತಾನಾಗೇ ತೆರೆಯೋ ಬೈಪಾಸ್ ಇಲ್ಲದೆ ಕೆಲಸ ಶುರು ಮಾಡಬಾರದು. ಏರಿಯ ತೂಬಿಗೆ ಕೈ ಹಾಕೋ ಮೊದಲು ನಾಲೆಯ ಡ್ರಾಪಿನ ಲೆಕ್ಕ ಹಾಕಿ ತೋರಿಸಬೇಕು. ಜಾಲರಿ ಕಸ ತೆಗೆಯೋಕೆ ಪಾಳಿಯ ಜನ, ಹೊಳೆ ಕಡೆ ಸೈರನ್. ಆದಾಯದಲ್ಲಿ ಮುಳುಗಡೆ ಊರಿನ ಪಾಲು. ಬಿಟ್ಟುಹೋದದ್ದು ಏನಾದರೂ ಇದೆಯಾ?

ಸೀಳುನಾಲೆ

ಒಂದಿದೆ ಅಣ್ಣ. ಮಟ್ಟ ಒಂದೇ ಸಮ ಇರಬೇಕು ಅಂತ ಬರೆದಿರಿ, ಇಲ್ಲದಾಗ ತೋರಿಸೋದು ಹೇಗೆ? ನಮಗೆ ಅಲ್ಲೇ ಸೋಲಾದದ್ದು. ನಾವು ನೀರು ಬರಲಿಲ್ಲ ಅನ್ನೋದು, ಅವರು ಬಿಟ್ಟಿದ್ದೀವಿ ಅನ್ನೋದು. ನಿಮ್ಮ ಕೊನೇ ತೂಬಿನ ಹತ್ತಿರ ಸೇತುವೆ ಕಂಬ ಇದ್ದರೆ ಅದರ ಮೇಲೆ ಅಳತೆಪಟ್ಟಿ ಬರೆಸಿ, ಯಂತ್ರ ಬರೋದಕ್ಕೆ ಮೊದಲೇ. ಈ ವರ್ಷದ ನಾಲೆ ನೀರನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಫೋಟೊ ತೆಗೆದು ಇಡಿ. ನಾಳೆ ಮಾತು ಬಂದಾಗ ಮೊದಲು ಹೀಗಿತ್ತು ಅಂತ ತೋರಿಸೋಕೆ ಕೈಯಲ್ಲಿ ಏನಾದರೂ ಇರಬೇಕು.

ಕೊನೇ ತೂಬು

ಕಂಬ ಇದೆ. ನಮ್ಮ ಮಗಳು ಹೈಸ್ಕೂಲು, ಅವಳ ಕೈಬರಹ ಚೆನ್ನಾಗಿದೆ. ಹಳದಿ ಪೇಂಟು ಒಂದು ಡಬ್ಬಿ ತಂದಿದ್ದೀನಿ. ನಾಲೆ ಬಾಗಿಲು ತೆಗೆಯೋಕೆ ಇನ್ನೂ ಹನ್ನೆರಡು ದಿನ ಇದೆ, ಅಷ್ಟರಲ್ಲಿ ಒಣಗುತ್ತೆ.